ಅಮಾಸಿ ದಿನಾ ಹಾರಿದ ಹೆಸರುಕಾಳು

ಜೂನ್ 11, 2025, ಬುಧವಾರ

ಇವತ್ತ ಕಾರಹುಣ್ಣಿವಿ. ಮನ್ಯಾಗ ಹೋಳಿಗಿ, ಅಂಗಡ್ಯಾಗ ಗೋಳು. ಧಾರವಾಡದ ಸಪ್ತಾಪುರದಾಗ ಝೆರಾಕ್ಸ್ ಅಂಗಡಿ ಇಟ್ಟಾವ್ರಿಗೆ ಜಗತ್ತಿನ್ಯಾಗ ಎಲ್ಲಿ ಏನಾದ್ರೂ ಅದು ಕಡೀಕ ಕಾಗದದ ಲೆಕ್ಕಕ್ಕ ಬಂದು ನಿಲ್ತೈತಿ, ಯಾಕಂದ್ರ ಸುತ್ತ ಎಲ್ಲಾ ಕೋಚಿಂಗ್ ಸೆಂಟರು, ಪಿಎಸ್‌ಐ ಎಫ್‌ಡಿಎ ಕೆಎಎಸ್ ಅಂತ ಬಂದ ಹುಡುಗ್ರು, ಅವ್ರಿಗೆಲ್ಲಾ ತಿಂಗಳಿಗೊಮ್ಮೆ ಕರೆಂಟ್ ಅಫೇರ್ಸ್ ನೋಟ್ಸ್ ಬೇಕು, ಅದನ್ನ ಹೊಡದು ಪಿನ್ ಹಾಕಿ ಇಡಾಂವ ನಾನು.

ಮೇ ತಿಂಗಳ ನೋಟ್ಸ್‌ನ್ಯಾಗ "ಆಕ್ಸಿಯಮ್-4, ಶುಭಾಂಶು ಶುಕ್ಲಾ, ಉಡಾವಣೆ ಮೇ 29" ಅಂತ ಇತ್ತು, ಅಂದ್ರ ನಮ್ಮ ದೇಶದ ಶುಕ್ಲಾ ಅಮೆರಿಕಾದಿಂದ ರಾಕೆಟ್‌ನ್ಯಾಗ ಬಾಹ್ಯಾಕಾಶ ಸ್ಟೇಷನ್ನಿಗೆ ಹೋಗೂ ದಿನಾ. 150 ಕಾಪಿ ಹೊಡದು ಕಟ್ಟಿ ಇಟ್ಟೆ. ಆಮ್ಯಾಲ ಜೂನ್ 8 ಅಂದ್ರು, ಪೆನ್ನಿನಿಂದ ತಿದ್ದಿದ್ವಿ. ಆಮ್ಯಾಲ 10 ಅಂದ್ರು, ಆಮ್ಯಾಲ 11, ಅಂದ್ರ ಇವತ್ತ ಸಂಜಿಕ. ಮುಂಜಾನೆ ಎದ್ದು ಮೊಬೈಲ್ ನೋಡಿದ್ರ ಇವತ್ತೂ ಇಲ್ಲಂತ. ಮದುವಿ ಮುಹೂರ್ತ ಸೈತ ಇಷ್ಟ ಸಲ ಮುಂದ ಹೋಗಂಗಿಲ್ಲ ಬಿಡ್ರಿ. ರಾಕೆಟ್‌ನ್ಯಾಗ ಲಿಕ್ವಿಡ್ ಆಕ್ಸಿಜನ್ ಸೋರಾಕತ್ತಿತ್ತಂತ, ಮೈನಸ್ 183 ಡಿಗ್ರಿ ತಂಪಿನ ಮಾಲು ಅದು.

ಅವ್ವಗ ಹೇಳಿದೆ. ಆಕಿ ಹೋಳಿಗಿ ಲಟ್ಟಿಸೂದು ನಿಲ್ಲಸಲಾರದ ಅಂದ್ಲು, "ಸೋರತೈತಿ ಅಂದ್ರ ನಿಂದ್ರಸಿದ್ದ ಚಲೋ ಆತು. ನಾವು ಸೋರೂ ಸಿಲಿಂಡರ್ ಹಚ್ತೀವೇನೋ ತಮ್ಮಾ?"

ಟಿವ್ಯಾಗ ಅರ್ಧಾ ತಾಸು ಇಬ್ರು ಮೂವರು ಕುಂತು ಚರ್ಚೆ ಮಾಡಿದ್ದು ಇಷ್ಟ.

ಖರೇ ಹೇಳಬೇಕಂದ್ರ ಈ ಸಲದ ರಾಕೆಟ್ ಮ್ಯಾಲ ನನಗ ಇಷ್ಟ ಜೀವ ಯಾಕಂದ್ರ ಅದರಾಗ ನಮ್ಮ ಊರಿನ ಪಾಲೂ ಐತಿ. ಹೆಸರುಕಾಳು ಮತ್ತ ಮೆಂತ್ಯಾ ಅಲ್ಲಿ ಮೊಳಕಿ ಒಡಿಸೂ ಪ್ರಯೋಗ ಇಲ್ಲಿ ಎತ್ತಿನಗುಡ್ಡದ ನಮ್ಮ ಎಗ್ರಿ ಯುನಿವರ್ಸಿಟಿ ಮತ್ತ ಐಐಟಿ ಧಾರವಾಡ, ಇಬ್ಬರೂ ಕೂಡಿ ಮಾಡಿದ್ದು. ನಾ ಎಗ್ರಿ ಯುನಿವರ್ಸಿಟಿಗೆ ಹೋಗೂದು ಕೃಷಿ ಮೇಳಕ್ಕ ಅಷ್ಟ, ಅದೂ ಬಜ್ಜಿ ತಿನ್ನಾಕ. ಈಗ ನೋಡಿದ್ರ ಅವ್ರು ಕಾಳು ಬಾಹ್ಯಾಕಾಶಕ್ಕ ಕಳಸಾಕತ್ಯಾರ.

ಜೂನ್ 25, ಬುಧವಾರ

ಇವತ್ತ ಖರೇನ ಹಾರಿತು. ನಡುವ 19, 22 ಅಂತ ಇನ್ನೂ ಎರಡ ಸಲ ಮುಹೂರ್ತ ತಪ್ಪಿದ್ದು ಬರಿಯಾಕ ನನಗ ಬ್ಯಾಸರ, ನೋಟ್ಸ್ ಮ್ಯಾಲ ಜಾಗಾ ಸೈತ ಉಳದಿಲ್ಲ ತಿದ್ದಾಕ.

ಆದ್ರ ದಿನಾ ನೋಡ್ರಿ ಎಂಥಾದ್ದು ಸಿಕ್ತು, ಮಣ್ಣೆತ್ತಿನ ಅಮಾಸಿ! ಮಗಳು ಎಂಟನೇತ್ತಾ, ನಿನ್ನಿ ಸಂಜಿಕ ಮಾರ್ಕೆಟಿನಿಂದ ಮಣ್ಣು ತಂದು ತಾನ ಎತ್ತು ಮಾಡೀನಿ ಅಂತ ಕುಂತ್ಲು, ಎರಡ ಎತ್ತು, ಒಂದು ಗ್ವಾದಲಿ ಆತು, ಉಳದ ಮಣ್ಣಿನ್ಯಾಗ ಬೋಳು ಮೂಲಂಗಿ ಹಂಗ ಒಂದು ಮಾಡಿ ಇದು ರಾಕೆಟ್ಟು ಅಂದ್ಲು. ಎತ್ತಿಗೆ ಗುಲಗಂಜಿ ಕಣ್ಣು ಹಚ್ಚಿದ್ದು ಮಿಕ್ಕಿದ್ವು, ರಾಕೆಟ್ಟಿಗೂ ಎರಡ ಕಣ್ಣು ಬಂದ್ವು. ಅವ್ವ ಪೂಜಾ ಮಾಡೂ ಮುಂದ ಎತ್ತಿಗೆ ಕುಂಕುಮ ಹಚ್ಚಿ ಸ್ವಲ್ಪ ವಿಚಾರ ಮಾಡಿ ರಾಕೆಟ್ಟಿಗೂ ಹಚ್ಚಿದ್ಲು. ಇರ್ಲಿ ಅಂತ.

ಅಲ್ಲಿಗೆ ಎಲ್ಲಾ ಚಲೋ ಇತ್ತು. ಆಮ್ಯಾಲ ಹಾರೂ ಟೈಮ್ ಕೇಳಿದ್ಲು. ನಾ 12 ಗಂಟೆ 1 ನಿಮಿಷ ಅಂದೆ. ಅವ್ವ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಕಡೆ ನೋಡಿದ್ಲು, ನನ್ನ ಕಡೆ ನೋಡಿದ್ಲು. "ಅಮಾಸಿ ದಿನಾ ದಾರಿ ಹಿಡಿಯೂದ ತಪ್ಪು, ಮ್ಯಾಲ ಬುಧವಾರ ಹನ್ನೆರಡರಿಂದ ಒಂದೂವರಿ ರಾಹುಕಾಲ! ಒಂದ ನಿಮಿಷ ಮೊದಲ ಹಾರಸಾಕ ಏನಾಗಿತ್ತ ಅವ್ರಿಗೆ?"

ನಾ ಹೇಳಿದೆ, ಸ್ಟೇಷನ್ ತಾಸಿಗೆ 28,000 ಕಿಲೋಮೀಟರ್ ಓಡ್ತಿರ್ತೈತಿ, ಅದನ್ನ ಹಿಡಿಯಾಕ ಲೆಕ್ಕಾ ಹಾಕಿ ಇಂಥಾ ಸೆಕೆಂಡಿಗೆ ಬಿಡಬೇಕಾಗ್ತೈತಿ, ಚಿಗರಿ ಬಸ್ಸಲ್ಲ ಅದು ಐದ ನಿಮಿಷಕ್ಕೊಂದು ಬರಾಕ ಅಂತ. ಮಗಳು ಬ್ಯಾರೇ ವಾದಾ ತಗದ್ಲು, ಅಲ್ಲಿ ಫ್ಲೋರಿಡಾದಾಗ ಈಗ ರಾತ್ರಿ 2:31, ರಾತ್ರಿ ರಾಹುಕಾಲ ಎಲ್ಲಿರ್ತೈತಿ ಆಯಿ ಅಂತ. ಅವ್ವ "ಹೋಗಾಂವ ನಮ್ಮ ಹುಡುಗ ಅಲ್ಲೇನ" ಅಂದು ಸುಮ್ಮನಾದ್ಲು.

12:01ಕ್ಕ ಟಿವಿ ಮುಂದ ನಾವು ಮೂವರೂ. ಹಾರಿದ ಮ್ಯಾಲ ಅವ್ವ ಕೈ ಮುಗದಿದ್ದನ್ನ ನಾ ನೋಡೀನಿ, ಆಕಿ ಇಲ್ಲ ಅಂತಾಳ. 1984ರಾಗ ರಾಕೇಶ್ ಶರ್ಮಾ ಹೋದಾಗ ಊರಿನ್ಯಾಗ ಗೌಡ್ರ ಮನಿ ರೇಡಿಯೋದಾಗ ಕೇಳಿದ್ವಿ ಅಂತ ನೆನಸಿದ್ಲು, 41 ವರ್ಷ ಆತು ಎರಡನೇದಾಂವ ಹೋಗಾಕ, ಇಷ್ಟ ತಡಾ ಮಾಡಿದ್ರ ಮೂರನೇದಾಂವನ್ನ ನಾ ನೋಡಂಗಿಲ್ಲ ಅಂತ ಬ್ಯಾರೇ ಅಂದ್ಲು.

ಮಧ್ಯಾಹ್ನ ಮಗಳ ಕಡೆ ಕ್ಯಾಲ್ಕುಲೇಟರ್ ಇಸ್ಕೊಂಡು ಏನೋ ಲೆಕ್ಕಾ ಮಾಡಾಕತ್ತಿದ್ಲು. ಹಾಲಿನಾಂವಂದು ಇರಬೇಕು.

ಜೂನ್ 29, ರವಿವಾರ

ಗುರುವಾರ ಸಂಜಿ ನಾಕಕ್ಕ ಅಲ್ಲಿ ಸ್ಟೇಷನ್ನಿಗೆ ಗಾಡಿ ಹತ್ತಿತು, ಇಲ್ಲಿ ನಮ್ಮ ಮನ್ಯಾಗ ಮಗಳು ಒಂದು ಮುಷ್ಟಿ ಹೆಸರುಕಾಳು, ಒಂದು ಮುಷ್ಟಿ ಮೆಂತ್ಯಾ ನೆನಿಗೆ ಹಾಕಿದ್ಲು. ಅವ್ರು ಅಲ್ಲಿ ಮಾಡ್ಲಿ, ನಾ ಇಲ್ಲಿ ಮಾಡ್ತೀನಿ, ಯಾರ್ದು ಮೊದ್ಲ ಮೊಳಕಿ ಒಡಿತೈತಿ ನೋಡೂಣು ಅಂತ. ಅವ್ವ ಅರಿವ್ಯಾಗ ಕಟ್ಟಿಟ್ಟು ಕೊಟ್ಲು. ಶನಿವಾರ ಮುಂಜಾನೆ ಬಿಚ್ಚಿದ್ರ ಹೆಸರು ಬೆಳ್ಳಗ ಬಾಲಾ ಬಿಟ್ಟಿದ್ವು.

ಆವಾಗ ಅವ್ವ ಕೇಳಿದ ಪ್ರಶ್ನೆ, ಇದನ್ನ ಬರಿಯಾಕಂತ ಇವತ್ತ ಕುಂತೀನಿ. "ಅಲ್ಲಿ ಮ್ಯಾಲ ಕೆಳಗ ಅನ್ನೂದ ಇಲ್ಲಂತಿ. ಹಂಗಾದ್ರ ಬೇರಿಗೆ ಯಾ ಕಡೆ ಹೋಗಬೇಕಂತ ಹೆಂಗ ಗೊತ್ತಾಕ್ಕೈತಿ?"

ಉತ್ತರ ನನಗ ಬರಲಿಲ್ಲ. ಅಂಗಡಿಗೆ ಬರೂ ಬಿಎಸ್ಸಿ ಎಗ್ರಿ ಹುಡುಗ ಒಬ್ಬಾಂವ ಇದ್ದಾನ, ಆಂವನ್ನ ಕೇಳಿದೆ. ಆಂವ ಹೇಳಿದ್ದು ಹಿಂಗ. ಬೇರಿನ ತುದಿಗೆ ಒಂದು ಟೊಪ್ಪಿಗಿ ಇರ್ತೈತಿ, ಅದರ ಕೋಶದೊಳಗ ಪಿಷ್ಟದ ಸಣ್ಣ ಸಣ್ಣ ಹಳಕು, ಅವು ಭಾರಕ್ಕ ಕೆಳಗ ಹೋಗಿ ಕುಂದ್ರತಾವ, ಚಹಾದ ಕಪ್ಪಿನ್ಯಾಗ ಪುಡಿ ತಳಕ್ಕ ಕುಂತಂಗ. ಎಲ್ಲಿ ಕುಂತ್ವು ಆ ಕಡೆ ಕೆಳಗ ಅಂತ ಬೇರು ತಿಳ್ಕೋತೈತಿ. ಸ್ಟೇಷನ್ನಿನ್ಯಾಗ ಅವು ಎಲ್ಲಿ ಕುಂದ್ರಬೇಕು? ತೇಲ್ತಾವ. ಬೇರು ಸೊಟ್ಟಪಟ್ಟ ಎತ್ತಾಗ ಬೇಕತ್ತಾಗ ಹೋಗ್ತೈತಿ. ನೀರೂ ಹಂಗ ಅಂತ, ಸುರದ್ರ ಇಳಿಯಂಗಿಲ್ಲ, ಗುಂಡಗಾಗಿ ಕಾಳಿಗೆ ಅಂಟ್ಕೊಂಡು ಕುಂದ್ರತೈತಿ.

ಮಗಳು ಇದನ್ನ ಕೇಳಿ ಮೊಳಕಿ ಕಾಳನ್ನ ಒದ್ದಿ ಹತ್ತಿಯೊಳಗ ಒತ್ತಿ ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಡಬ್ಬಿನ ಅಡ್ಡ ನಿಂದ್ರಸಿದ್ಲು. ಇವತ್ತ ನೋಡಿದ್ರ ಬೇರೆಲ್ಲಾ ಕೆಳಗ ಬಗ್ಗ್ಯಾವ! ಡಬ್ಬಿ ತಿರುವಿ ಇಟ್ಟೀವಿ, ಮುಂಜಾನೆ ಮತ್ತ ತಿರಗತಾವೇನ ನೋಡಬೇಕು. ಮೂರ ಸಲ ತಿರುವಿದ್ರ ಬೇರು ಚಕ್ಲಿ ಹಂಗ ಆಗ್ತೈತಂತ ಆಕಿ ಆಸೆ.

ನಿನ್ನಿ ಪ್ರಧಾನಿ ಜೋಡಿ ಮಾತಾಡೂ ಮುಂದ ಶುಕ್ಲಾ ಗಜ್ಜರಿ ಹಲ್ವಾ, ಹೆಸರುಬ್ಯಾಳಿ ಹಲ್ವಾ, ಮಾವಿನಹಣ್ಣಿನ ಸೀಕರಣಿ ಒಯ್ದೀನಿ ಅಂದ್ರು. ಅಲ್ರಿ, ಕಾಳು ಧಾರವಾಡದ ಮಂದಿದು, ಸಿಹಿ ಮಾತ್ರ ಉತ್ತರ ಭಾರತದ್ದೇನು? ಒಂದು ಕಾಲು ಕಿಲೋ ಫೇಡೆ ಹಿಡಿತಿರ್ಲಿಲ್ಲೇನು ಆ ಗಾಡ್ಯಾಗ? ಅವ್ವನ ಚಿಂತಿ ಬ್ಯಾರೇ, ರೊಟ್ಟಿ ಇಲ್ಲದ ಹೆಂಗ ಅಂತ. ಖಡಕ್ ರೊಟ್ಟಿ ಅಂತೂ ಆಗೂದ ಇಲ್ಲ ಅಂದೆ, ಮುರದ್ರ ನುಚ್ಚು ತೇಲಾಡಿ ಕಣ್ಣಿನ್ಯಾಗ, ಮಶಿನ್ನಿನ್ಯಾಗ ಹೊಕ್ಕೋತೈತಿ. 1965ರಾಗ ಜಾನ್ ಯಂಗ್ ಅಂತ ಒಬ್ಬಾಂವ ಕಿಸೆದಾಗ ಕದ್ದು ಸ್ಯಾಂಡ್‌ವಿಚ್ ಒಯ್ದು, ಅದು ಪುಡಿಪುಡಿ ಆಗಿ, ಕೆಳಗ ಬಂದ ಮ್ಯಾಲ ದೊಡ್ಡ ಗದ್ದಲ ಆಗಿತ್ತು. ಅದಕ್ಕ ಈಗ ಅಲ್ಲಿ ಬ್ರೆಡ್ ಇಲ್ಲ, ಟೋರ್ಟಿಲ್ಲಾ ಅಂತ ಮೆಕ್ಸಿಕೋದ ಮೆತ್ತನ ರೊಟ್ಟಿ ತಿಂತಾರ. "ಹಂಗಾದ್ರ ಬಿಸಿ ರೊಟ್ಟಿ ನಡಿತೈತೆಲ್ಲ" ಅಂದ್ಲು ಅವ್ವ. ನಡಿತೈತಿ. ಬಡಿಯೂದು ಹೆಂಗ ಅನ್ನೂದಷ್ಟ ಪ್ರಶ್ನೆ, ಬಡದಂಗ ಬಡದಂಗ ಬಡಿಯಾಕಿನ ಮ್ಯಾಲ ಹೋಗ್ತಾಳ.

ಜುಲೈ 10, ಗುರುವಾರ

ಸುದ್ದಿ ಬಂತು! ಮ್ಯಾಲ ಹೆಸರು ಮೆಂತ್ಯಾ ಎರಡೂ ಮೊಳಕಿ ಒಡದಾವ, ಶುಕ್ಲಾ ಫೋಟೋ ತಗದು ಫ್ರೀಜರ್‌ನ್ಯಾಗ ಇಟ್ಟಾರ. ಕೆಳಗ ಬಂದ ಮ್ಯಾಲ ಒಳಗ ಏನೇನು ಬದಲಾಗೇತಿ, ಪೌಷ್ಟಿಕಾಂಶ ಹೆಂಗದಾವ ಎಲ್ಲಾ ನೋಡ್ತಾರ.

ಅವ್ವ ಫ್ರಿಜ್ಜಿನ್ಯಾಗ ಇಟ್ಟಿದ್ದು ತಿನ್ನಾಕಿ ಅಲ್ಲ. "ಇಷ್ಟ ದೂರ ಒಯ್ದು ತಂಗಳ ಮಾಡಿ ತರ್ತಾರಲ್ಲೋ" ಅಂದ್ಲು.

ನವಲಗುಂದದಿಂದ ಕಾಕಾ ಫೋನ್ ಮಾಡಿದ್ದ. ಹೆಸರು ಹಾಕೀವಿ, ಎರಡ ಎಕರೆ, ಮಳಿ ಹಿಂಗ ಹಿಡದ್ರ ಕಷ್ಟ ಅಂದ. ನಾ ಬಾಹ್ಯಾಕಾಶದ ಹೆಸರಿನ ಸುದ್ದಿ ಹೇಳಿದೆ. ಆಂವ ಪೂರಾ ಕೇಳಿ, "ಅಲ್ಲಿ ಹಂದಿ ಕಾಟ ಇರಾಂಗಿಲ್ಲ ನೋಡು" ಅಂದ.

ಜುಲೈ 14, ಸೋಮವಾರ

ಇವತ್ತ ಸಂಜಿ ಪೌಣೆ ಐದಕ್ಕ ಗಾಡಿ ಸ್ಟೇಷನ್ ಬಿಡ್ತು. ಅವ್ವಂದು ಸಂಕಷ್ಟಿ ಉಪವಾಸ. ಚಂದ್ರ ಹುಟ್ಟೂದು ರಾತ್ರಿ ಹತ್ತರ ಸುಮಾರಿಗೆ, ಜಿಟಿಜಿಟಿ ಮಳಿ, ಆಷಾಢದಾಗ ಧಾರವಾಡದಾಗ ಚಂದ್ರ ಕಾಣೂದಂದ್ರ ಸುಳ್ಳ, ಮ್ಯಾಳಗಿ ಮ್ಯಾಲ ಛತ್ರಿ ಹಿಡದು ನಿಂತು ಮೋಡಕ್ಕ ಕೈ ಮುಗದು ಬರೂದು ಅಷ್ಟ. ಹೋದ ವಾರ ಆ ಸ್ಟೇಷನ್ ನಮ್ಮ ಊರಿನ ಮ್ಯಾಲ ಹಾದು ಹೋಗ್ತೈತಿ, ಬರಿಗಣ್ಣಿಗೆ ಚಿಕ್ಕಿ ಹಂಗ ಕಾಣ್ತೈತಿ ಅಂತ ನಾ ಮಗಳು ಇದ ಮ್ಯಾಳಗಿ ಮ್ಯಾಲ ನಿಂತು ತೊಯ್ಸ್ಕೊಂಡು ಬಂದಿದ್ವಿ.

ಉಪವಾಸದಾಗ ಅವ್ವಗ ಸಿಟ್ಟು ಜಾಸ್ತಿ, ಅಂತ ಮಗಳು ನಗಸಾಕ ನೋಡಿದ್ಲು. ಆಯಿ, ಅವ್ರು ದಿನಕ್ಕ 16 ಸಲ ಭೂಮಿ ಸುತ್ತತಾರ, ತಾಸೂವರಿಗೊಮ್ಮೆ ಸೂರ್ಯ ಹುಟ್ಟತಾನ, ಹಂಗ ಚಂದ್ರನೂ. ಅಲ್ಲಿ ಸಂಕಷ್ಟಿ ಮಾಡಿದ್ರ ಒಂದೂವರಿ ತಾಸಿಗೆ ಊಟಾ!

ಅವ್ವ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹದಿನಾರ ದಿನಾ ಆತಂದ್ರ ಹದಿನಾರ ಸಲ ದೀಪಾ ಹಚ್ಚಬೇಕಾಕ್ಕೈತಿ. ಎಣ್ಣಿ ಯಾರು ಕೊಡಾವ್ರು?" ಅಂದ್ಲು.

ಜುಲೈ 15, ಮಂಗಳವಾರ

ಇಳದ್ರು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ರ ಸಮುದ್ರದಾಗ, ನಮ್ಮ ಟೈಮ್ ಮಧ್ಯಾಹ್ನ 3:01. ಅಂಗಡ್ಯಾಗ ನನ್ನ ಮೊಬೈಲ್ ಸುತ್ತ ಹದಿನೈದು ಹುಡುಗ್ರು, ಝೆರಾಕ್ಸ್ ಮಶಿನ್ ಬಂದ್ ಮಾಡಿದ್ವಿ, ಪ್ಯಾರಾಶೂಟ್ ನಾಕೂ ಬಿಚ್ಚಿದ ಕೂಡ್ಲೆ ಶಿಳ್ಳಿ ಹೊಡದ್ರು. ಹೊಡದು ಮುಗಿಯೂದ್ರಾಗ ಒಬ್ಬಾಂವ, "ಸರ, ಜೂನ್ ನೋಟ್ಸ್‌ನ್ಯಾಗ 14 ದಿನದ ಮಿಷನ್ ಅಂತ ಐತ್ರಿ, ಈಗ ಸ್ಟೇಷನ್ನಿನ್ಯಾಗನ 18 ಆದ್ವು, ಹೋಗೂದು ಬರೂದು ಹಿಡದ್ರ 20, ಪರೀಕ್ಷಾದಾಗ ಯಾವ್ದು ಬರಿಯೂದ್ರಿ?" ಅಂದ. ಪೆನ್ನು ತಗದೆ ಮತ್ತ. ಸುನೀತಾ ವಿಲಿಯಮ್ಸ್ 8 ದಿನಕ್ಕಂತ ಹೋಗಿ 286 ದಿನಾ ಇದ್ರಲ್ಲ, ಆವಾಗೂ ಇದ ಕತಿ, ಬೀಗ್ರು ಹಿಂಗ ಉಳದ್ರ ಅಕ್ಕಿ ಚೀಲ ಬ್ಯಾರೇ ತರಸಬೇಕಾಗ್ತೈತಿ ಅಂತ ಆವಾಗ ಅವ್ವ ಅಂದಿದ್ಲು.

ದಾರ್ಯಾಗ ನನಗ ಹೊಳೀತು. ಮಂಗಳವಾರ ರಾಹುಕಾಲ ಮೂರರಿಂದ ನಾಕೂವರಿ. ಇಳದದ್ದು 3:01ಕ್ಕ! ಹೋಗೂ ಮುಂದ ರಾಹುಕಾಲ ಹತ್ತಿ ಒಂದ ನಿಮಿಷಕ್ಕ, ಬರೂ ಮುಂದನೂ ಒಂದ ನಿಮಿಷಕ್ಕ. ಇನ್ನೊಂದು ಮಜಾ ನೋಡ್ರಿ, ಹಾರೂ ಮುಂದ ಫ್ಲೋರಿಡಾದಾಗ ರಾತ್ರಿ 2:31 ಇತ್ತಲ್ಲ, ಇಳಿಯೂ ಮುಂದ ಕ್ಯಾಲಿಫೋರ್ನಿಯಾದಾಗೂ ರಾತ್ರಿ 2:31. ಇವತ್ತ ಅವ್ವನ್ನ ಬಿಡೂದ ಇಲ್ಲ ಅಂತ ಚಪ್ಪಲಿ ಬಿಡೂಕಿಂತ ಮೊದ್ಲ ಚಾಲೂ ಮಾಡಿದೆ. ಅಮಾಸಿ, ಎರಡೆರಡ ರಾಹುಕಾಲ, ಆದ್ರೂ ನಾಕೂ ಮಂದಿ ಆರಾಮ ಇಳದಾರ, ಈಗ ಏನಂತಿ?

ಅವ್ವ ಉಸುಳಿಗೆ ಒಗ್ಗರಣಿ ಹಾಕಾಕತ್ತಿದ್ಲು, ಮಗಳ ಪ್ರಯೋಗದ ಹೆಸರುಕಾಳು ಉಳದದ್ದು. ತಿರುಗಿ ನೋಡ್ಲಿಲ್ಲ.

"ಕ್ಯಾಲೆಂಡರ್‌ನ್ಯಾಗ ಬರದಿರೂದು ಆರಕ್ಕ ಹೊತ್ತು ಹುಟ್ಟಿ ಆರಕ್ಕ ಮುಳುಗಿದ್ರಷ್ಟ. ಈಗ ಏಳರ ಮ್ಯಾಲ ಮುಳುಗತೈತಿ. ಹುಟ್ಟಿದ್ದರಿಂದ ಮುಳುಗೂ ತನಕ ಎಂಟ ಪಾಲು ಮಾಡಬೇಕು. ಬುಧವಾರ ಐದನೇದು, ಮಂಗಳವಾರ ಏಳನೇದು. ಆವತ್ತ ನಮ್ಮಲ್ಲಿ ರಾಹುಕಾಲ ಹತ್ತಿದ್ದು ಹನ್ನೆರಡೂವರಿ ದಾಟಿದ ಮ್ಯಾಲ. ಇವತ್ತ ನಾಕಕ್ಕ ಹತ್ತ ನಿಮಿಷ ಕಡಿಮಿ ಇದ್ದಾಗ. ನಿಮ್ಮ ಗಾಡಿ ಎರಡೂ ಸಲ ಅದಕ್ಕಿಂತ ಮೊದಲ ಆಗಿ ಹೋಗೇತಿ."

ನಾ ಮೊಬೈಲ್‌ನ್ಯಾಗ ಧಾರವಾಡದ ಸೂರ್ಯೋದಯ ಸೂರ್ಯಾಸ್ತ ತಗದು ಭಾಗಿಸಿ ನೋಡಿದೆ. ಬರೋಬ್ಬರಿ ಐತಿ.

"ಮತ್ತ ಆವತ್ತ ರಾಹುಕಾಲ ರಾಹುಕಾಲ ಅಂತ ಯಾಕ ಹೆದರಿಸಿದಿ?"

"ಆವಾಗ ಲೆಕ್ಕಾ ಮಾಡಿರ್ಲಿಲ್ಲ. ಮಧ್ಯಾಹ್ನ ಕ್ಯಾಲ್ಕುಲೇಟರ್ ಇಸ್ಕೊಂಡು ಮಾಡಿದೆ."

"ಹೇಳಬೇಕಿಲ್ಲೋ ಇಪ್ಪತ್ತ ದಿನದಿಂದ?"

"ನೀ ಕೇಳಿದಿ ಏನು?" ಅಂದು ಉಸುಳಿ ತಾಟು ನನ್ನ ಮುಂದ ಸರಿಸಿದ್ಲು.