ಸಿಹಿಗುಂಬಳದ ದಿನ
ಗೋಧಿ ಬಿಟ್ಟ ಹೊಸದ್ರಲ್ಲಿ ಪ್ಯಾಕೆಟ್ ಮೇಲೆ ಗ್ಲುಟನ್ ಫ್ರೀ (ಗೋಧಿಯಲ್ಲಿರೋ ಅಂಟಿನ ಪ್ರೋಟೀನ್ ಇಲ್ಲದ್ದು) ಅಂತ ಇದ್ದಿದ್ದನ್ನೆಲ್ಲ ತಂದು ತಿಂತಿದ್ದೆ, ಎಷ್ಟೋ ಸಲ ಅದ್ರಲ್ಲಿ ಸ್ಟಾರ್ಚು, ಸಕ್ಕರೆನೇ ಜಾಸ್ತಿ. ಈಗ ಆಯಾ ಸೀಸನ್ನಲ್ಲಿ ಏನು ಬರುತ್ತೋ ಅದೇ ಅಡುಗೆ. ಇವತ್ತು ಸಿಹಿಗುಂಬಳ, ದಪ್ಪ ಹೋಳು ಮಾಡಿ ಎಣ್ಣೆ ಸವರಿ ಅಂಚು ಕಂದು ಬರೋವರೆಗೂ ಹುರಿದೆ, ಬೀಜ ಎಸೀಲಿಲ್ಲ, ತೊಳೆದು ಒಣಗಿಸಿ ಬಾಣಲೆಗೆ ಹಾಕಿದ್ರೆ ಚಟಪಟ ಅಂತ ಸಿಡಿಯೋದನ್ನ ನಿಂತು ಕೇಳ್ಬೇಕು, ಅಷ್ಟು ಖುಷಿ ಆಗುತ್ತೆ ನಂಗೆ. ಜೊತೆಗೆ ಕಡಲೆಹಿಟ್ಟು ಕಲಸಿ ಕಾವಲಿ ಮೇಲೆ ಹುಯ್ದಿದ್ದು. ಗೋಧಿಯ ಅಂಟು ಇದ್ರಲ್ಲಿಲ್ಲ, ಅದಕ್ಕೇ ತಿರುವಿ ಹಾಕುವಾಗ ಹರಿದುಹೋಗುತ್ತೆ, ಹಿಟ್ಟು ಅರ್ಧ ಗಂಟೆ ನೆನೆಯೋಕೆ ಬಿಟ್ಟು ಒಂದು ಚಮಚ ಇಸಬ್‌ಗೋಲ್ ಸೇರಿಸಿ, ಚೆನ್ನಾಗಿ ಹಿಡ್ಕೊಳ್ಳುತ್ತೆ.

ಒಂದು ಮಾತು, ಓಟ್ಸಲ್ಲಿ ಗ್ಲುಟನ್ ಇಲ್ಲ ಅಂತ ಕಣ್ಮುಚ್ಚಿ ತಗೋಬೇಡಿ, ಗೋಧಿ ಬೀಸೋ ಮಿಲ್ಲಲ್ಲೇ ಬೀಸಿದ್ರೆ ಬೆರಕೆ ಆಗಿರುತ್ತೆ. ಸೋಯಾ ಸಾಸಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತೆ, ಲೇಬಲ್ ಓದಿ.

ಊಟ ಮಾಡ್ತಾ ಅನ್ನಿಸ್ತು, ಮೊದಲೆಲ್ಲ ಏನೇನು ತಿನ್ನೋ ಹಾಗಿಲ್ಲ ಅಂತಾನೇ ಲೆಕ್ಕ ಹಾಕ್ತಿದ್ದೆ, ಈಗ ತಟ್ಟೆ ಮುಂದೆ ಕೂತಾಗ ಆ ಯೋಚನೆ ಬರೋದೇ ಇಲ್ಲ. ಅರ್ಧ ಕುಂಬಳ ಇನ್ನೂ ಇದೆ, ನಾಳೆ ಸೂಪ್.