ಶ್ರೂಸ್‌ಬರಿಯ ಅಬಟ್ಸ್ ಹೌಸ್: ಮೊದಲು ಅಂಗಡಿ, ಆಮೇಲೆ ಮಹಡಿ

ಇಂಗ್ಲೆಂಡಿನ ಹಳೆಯ ಸಂತೆಪೇಟೆ ಶ್ರೂಸ್‌ಬರಿಗೆ ಹೋಗುವವರು ಬುಚರ್ ರೋ ಎಂಬ ಓಣಿಯಲ್ಲಿರುವ ಅಬಟ್ಸ್ ಹೌಸ್ ಎಂಬ ಮರದ ಚೌಕಟ್ಟಿನ ಹಳೆಯ ಕಟ್ಟಡಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕು. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಿಲ್ದಾಣದಿಂದ ಕೋಟೆಯ ಪಕ್ಕದ ಏರನ್ನು ಹತ್ತಿ ಪ್ರೈಡ್ ಹಿಲ್ ಸೇರಿದರೆ ಎಡಕ್ಕೆ ಈ ಓಣಿ ಸಿಗುತ್ತದೆ.

ಲಿಲ್ಶಲ್ ಎಂಬ ಕ್ರೈಸ್ತ ಮಠದ ಅಬಟ್‌ಗಾಗಿ, ಅಂದರೆ ಮಠಾಧಿಪತಿಗಾಗಿ, ಕಟ್ಟಿದ್ದರಿಂದ ಈ ಹೆಸರು ಬಂದಿದೆ. ತೊಲೆಗಳಲ್ಲಿನ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದವರು ಇದರ ಕಾಲವನ್ನು 1450ರ ದಶಕದ ಕೊನೆಯೆಂದು ಗುರುತಿಸಿದ್ದಾರೆ. ಬಂದವರೆಲ್ಲ ಕತ್ತೆತ್ತಿ ಮೇಲಿನ ಮಹಡಿಗಳ ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಆದರೆ ನಿಜವಾಗಿ ಅಪರೂಪದ್ದು ನೆಲಮಟ್ಟದಲ್ಲಿದೆ. ಮಧ್ಯಯುಗದ ಅಂಗಡಿ ಮುಂಗಟ್ಟುಗಳು ಇಂಗ್ಲೆಂಡಿನಲ್ಲಿ ಉಳಿದಿರುವುದು ತೀರ ಕಡಿಮೆ, ಏಕೆಂದರೆ ಪ್ರತಿ ತಲೆಮಾರಿನ ವ್ಯಾಪಾರಿಯೂ ಮೊದಲು ಕಿತ್ತು ಹೊಸದು ಮಾಡಿಸುವುದು ಮುಂಭಾಗವನ್ನೇ. ಇಲ್ಲಿ ಚಪ್ಪಟೆ ಕಮಾನಿನ ತೆರಪುಗಳೂ, ಅವುಗಳ ಕೆಳಗೆ ಸರಕು ಹರಡುತ್ತಿದ್ದ ಅಗಲವಾದ ಹಲಗೆಯಂಚುಗಳೂ ಇಂದಿಗೂ ಕಾಣುತ್ತವೆ. ಗಿರಾಕಿ ಬೀದಿಯಲ್ಲೇ ನಿಂತು, ಒಳಗಿದ್ದ ವ್ಯಾಪಾರಿಯೊಡನೆ ಚೌಕಾಸಿ ಮಾಡುತ್ತಿದ್ದ ವ್ಯವಸ್ಥೆ ಅದು. ನಮ್ಮ ಹಳೆಯ ಪೇಟೆಗಳ ಜಗಲಿ ಅಂಗಡಿಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಬಳಿಕ ಎದುರು ಬದಿಗೆ ಸರಿದು, ಒಂದೊಂದು ಮಹಡಿಯೂ ಕೆಳಗಿನದಕ್ಕಿಂತ ಬೀದಿಯತ್ತ ಮುಂದಕ್ಕೆ ಚಾಚಿರುವುದನ್ನು ಗಮನಿಸಿ. ಜಂತಿಗಳ ತುದಿಯನ್ನು ಗೋಡೆಯಿಂದಾಚೆಗೆ ಬಿಟ್ಟು ಅದರ ಮೇಲೆ ಮುಂದಿನ ಚೌಕಟ್ಟನ್ನು ಕೂರಿಸಿದ್ದರಿಂದ, ಕಿರಿದಾದ ನಿವೇಶನದಲ್ಲೂ ಮೇಲೆ ಹೆಚ್ಚು ಜಾಗ ದೊರೆಯುತ್ತಿತ್ತು. ಇಂಥ ಕಟ್ಟಡಗಳಿಗೆ ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆತ್ತಿ, ಮರದ ಗೂಟಗಳಿಂದ ಜೋಡಿಸುತ್ತಿದ್ದರು. ಒಣಗುತ್ತ ಬಂದಂತೆ ತೊಲೆಗಳು ತಿರುಚಿಕೊಳ್ಳುತ್ತಿದ್ದವು, ಹೀಗಾಗಿ ವಾಲಿದ ಗೆರೆಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಇಂಗ್ಲೆಂಡಿನ ಮರದ ಚೌಕಟ್ಟಿನ ಮನೆಗಳ ಕಪ್ಪು-ಬಿಳುಪು ಬಣ್ಣವೂ ಬಹುಮಟ್ಟಿಗೆ 19ನೆಯ ಶತಮಾನದ ಅಭಿರುಚಿ.

ಓಣಿ ಇಕ್ಕಟ್ಟಾದ್ದರಿಂದ ಜನಸಂದಣಿ ಹೆಚ್ಚುವ ಮೊದಲೇ, ಬೆಳಿಗ್ಗೆ ಹೋಗುವುದು ಲೇಸು. ಸುತ್ತಲಿನ ಏರಿಳಿತದ ಕಲ್ಲುಹಾಸು ಮಳೆಯಲ್ಲಿ ಜಾರುತ್ತದೆ. ಹಿಡಿತವಿರುವ ಪಾದರಕ್ಷೆ ಬೇಕು. ಅಲ್ಲಿಂದ ಫಿಶ್ ಸ್ಟ್ರೀಟ್, ಬೇರ್ ಸ್ಟೆಪ್ಸ್ ದಾಟಿ 1596ರ ಹಳೆಯ ಮಾರುಕಟ್ಟೆ ಕಟ್ಟಡಕ್ಕೆ ನಡೆದೇ ಹೋಗಬಹುದು. ಅದೇ ಚೌಕದಲ್ಲಿ, ಈ ಊರನ್ನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದ್ದ ರಾಬರ್ಟ್ ಕ್ಲೈವ್‌ನ ಪ್ರತಿಮೆಯಿದೆ. ಇನ್ನೊಂದು ದಿನ ಕೈಯಲ್ಲಿದ್ದರೆ, ರೈಲಿನಲ್ಲಿ ವೆಲ್ಷ್‌ಪೂಲ್‌ಗೆ ಹೋಗಿ ಪೋವಿಸ್ ಕೋಟೆಯಲ್ಲಿರುವ ಟಿಪ್ಪು ಸುಲ್ತಾನನ ಡೇರೆಯ ಬಟ್ಟೆಯನ್ನೂ ನೋಡಬಹುದು. ಹೊರಡುವ ಮುನ್ನ ಕೋಟೆ ತೆರೆದಿರುವ ದಿನಗಳನ್ನು ವಿಚಾರಿಸಿಕೊಳ್ಳಿ.