ಬೆರಳಿನ ಬೆವರಿಗೂ ತೂಕವಿದೆ

ರಸಾಯನಶಾಸ್ತ್ರ ಲ್ಯಾಬಿನ ಮೂಲೆಯ ಕೋಣೆಯಲ್ಲಿದ್ದ ತಕ್ಕಡಿಯನ್ನು ನಮ್ಮ ಬ್ಯಾಚಿನವರು ಯಾರೂ ಮರೆತಿರಲಾರರು. ಗಾಜಿನ ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂರಬೇಕಿತ್ತು. ಒಂದು ದಿನ ಚಿಮುಟ ಸಿಗದೆ ತೂಕದ ಬಟ್ಟನ್ನು ಕೈಯಲ್ಲೇ ಎತ್ತಿಬಿಟ್ಟೆ. ಹಿಂದೆ ನಿಂತಿದ್ದ ಮೇಷ್ಟ್ರು ಗದರಲಿಲ್ಲ. "ಬೆರಳಿನ ಬೆವರಿಗೂ ತೂಕವಿದೆ. ಅದನ್ನು ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀಯ?" ಎಂದು ಕೇಳಿ ಮುಂದೆ ಹೋದರು.

ಆಮೇಲೆ ನಾನು ಹಿಡಿದ ಕೆಲಸವೂ ತೂಗುವುದೇ, ತೂಗಿದ್ದು ಪ್ರೋಟೀನುಗಳನ್ನು. ಜೀವಕೋಶದಲ್ಲಿರುವ ಪ್ರೋಟೀನುಗಳ ಇಡೀ ಸಮೂಹಕ್ಕೆ 'ಪ್ರೋಟಿಯೋಮ್' ಎಂಬ ಹೆಸರನ್ನು ಮಾರ್ಕ್ ವಿಲ್ಕಿನ್ಸ್ ಕೊಟ್ಟದ್ದು 1994ರಲ್ಲಿ. ಆದರೆ ಪ್ರೋಟೀನು ಸುಲಭವಾಗಿ ತೂಕಕ್ಕೆ ಸಿಗುವ ವಸ್ತುವಲ್ಲ. ಅಣುಗಳನ್ನು ತೂಗುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿನ ನಿರ್ವಾತದಲ್ಲಿ ಅದು ವಿದ್ಯುದಾವೇಶ ಹೊತ್ತ ಅಯಾನಾಗಿ ಹಾರಬೇಕು. ಕಾಯಿಸಿ ಹಾರಿಸಲು ಹೋದರೆ ಅಣುವೇ ಚೂರಾಗುತ್ತದೆ. ಜಾನ್ ಫೆನ್ ದ್ರಾವಣವನ್ನು ವಿದ್ಯುತ್ ಬಲದಿಂದ ನವಿರಾದ ಹನಿಗಳಾಗಿ ಚಿಮ್ಮಿಸಿ ದಾರಿ ಕಂಡುಕೊಂಡರು, ಕೊಯಿಚಿ ತನಾಕ ಲೇಸರಿನಿಂದ. 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಬಂತು. ಈಗ ಓದುತ್ತಿರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ: ತನಾಕ ಪಿಎಚ್.ಡಿ. ಮಾಡಿದವರಲ್ಲ. ಆ ಲೇಸರ್ ಪ್ರಯೋಗದಲ್ಲಿ ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದವರು, ಎಸೆಯಲು ಮನಸ್ಸಾಗದೆ ಅದನ್ನೇ ಪರೀಕ್ಷಿಸಿ ನೋಡಿದರು.

ನನ್ನ ತಪ್ಪಿನಿಂದ ಅಂಥ ಫಲ ಸಿಗಲಿಲ್ಲ. ಸಂಶೋಧನೆಯ ಮೊದಲ ವರ್ಷ, ಯೀಸ್ಟಿನ ಮಾದರಿಯಿಂದ ಬಂದ ಮಸುಕು ಪಟ್ಟಿಯೊಂದನ್ನು ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್‌ನಿಂದ ಕತ್ತರಿಸಿ, ಟ್ರಿಪ್ಸಿನ್ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಟ್ರಿಪ್ಸಿನ್ ಪ್ರೋಟೀನನ್ನು ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಆದಮೇಲೆ ಕತ್ತರಿಸುತ್ತದೆ. ಆ ತುಂಡುಗಳ ತೂಕದಿಂದ ಮೂಲ ಪ್ರೋಟೀನಿನ ಗುರುತು ಹಿಡಿಯುತ್ತೇವೆ. ಬೆಳಿಗ್ಗೆ ಪರದೆಯ ತುಂಬ ಎತ್ತರದ ಗೆರೆಗಳು, ಒಂದೊಂದೂ ಒಂದು ತುಂಡಿನ ತೂಕ. ಹಿಗ್ಗಿಹೋದೆ. ಹುಡುಕಾಟದ ಪಟ್ಟಿಯಲ್ಲಿ ಮೊದಲ ಹೆಸರು: ಕೆರಾಟಿನ್, ಮನುಷ್ಯನದು. ಯೀಸ್ಟಿಗೆ ಚರ್ಮವಿಲ್ಲ, ಕೂದಲಿಲ್ಲ. ಮೂರು ತಿಂಗಳ ದುಡಿಮೆಯ ಕೊನೆಗೆ ನಾನು ತೂಗಿದ್ದು ನನ್ನದೇ ಚರ್ಮವನ್ನು. ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀಯ ಎಂಬ ಪ್ರಶ್ನೆ ಅಂದು ಕಿವಿಯಲ್ಲೇ ಕೇಳಿಸಿತು. ಅಂದಿನಿಂದ ಪ್ರತಿ ಪ್ರಯೋಗದ ಜೊತೆಗೂ ಪ್ರೋಟೀನಿಲ್ಲದ ಖಾಲಿ ಜೆಲ್ ತುಂಡೊಂದನ್ನು ಅದೇ ಕ್ರಮದಲ್ಲಿ ಸಾಗಿಸುವುದು ರೂಢಿಯಾಯಿತು.

ವರ್ಷಗಳು ಕಳೆದು ಹಿಸ್ಟೋನುಗಳ ಕೆಲಸಕ್ಕೆ ಬಂದೆ. ಡಿಎನ್‌ಎ ಸುತ್ತಿಕೊಳ್ಳುವುದು ಈ ಪ್ರೋಟೀನುಗಳಿಗೆ. ಹಿಸ್ಟೋನ್ ಎಚ್3ರ ಒಂಬತ್ತನೇ ಲೈಸಿನ್ ಮೇಲೆ ಅಸಿಟೈಲ್ ಎಂಬ ಸಣ್ಣ ಪರಮಾಣು ಗುಂಪು ಕುಳಿತರೆ ಸಾಮಾನ್ಯವಾಗಿ ಅಲ್ಲಿನ ಜೀನ್ ತೆರೆದಿರುತ್ತದೆ. ಅದೇ ಜಾಗದಲ್ಲಿ ಮೂರು ಮೀಥೈಲ್ ಗುಂಪುಗಳು ಕುಳಿತರೆ ಮುಚ್ಚಿಕೊಳ್ಳುತ್ತದೆ. ಪರಿಣಾಮ ತದ್ವಿರುದ್ಧ, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಅಣುತೂಕದ ಮಾನವಾದ ಡಾಲ್ಟನ್‌ನಲ್ಲಿ ಹೇಳುವುದಾದರೆ ಮೊದಲನೆಯದು 42.011 ಸೇರಿಸುತ್ತದೆ, ಎರಡನೆಯದು 42.047. ನಮ್ಮ ಹಳೆಯ ಉಪಕರಣಕ್ಕೆ ಎರಡೂ ಬರೀ 42. ಅಲೆಕ್ಸಾಂಡರ್ ಮಕಾರೊವ್ ರೂಪಿಸಿದ, ಬಹಳ ಸೂಕ್ಷ್ಮವಾಗಿ ತೂಗುವ ಆರ್ಬಿಟ್ರ್ಯಾಪ್ ಕೈಗೆ ಬಂದಮೇಲೆ ಕಷ್ಟ ಕಳೆಯಿತು. ಕದಿರಿನಾಕಾರದ ವಿದ್ಯುದ್ವಾರವನ್ನು ಸುತ್ತುತ್ತಲೇ ಅಯಾನುಗಳು ಅದರ ಉದ್ದಕ್ಕೂ ಹಿಂದೆಮುಂದೆ ತುಯ್ಯುತ್ತವೆ, ಆ ತುಯ್ತದ ವೇಗವೇ ತೂಕ ಹೇಳುತ್ತದೆ. ಅಷ್ಟು ದಿನ ಒಂದೇ ಎಂದುಕೊಂಡಿದ್ದ ಗೆರೆ ಕಣ್ಣೆದುರಿಗೇ ಎರಡಾದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಆ ಹಾಳೆಯನ್ನು ಮುದ್ರಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ನಿವೃತ್ತರಾಗಿದ್ದರು. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದು, ನನ್ನ ಹೆಮ್ಮೆಯ ಜೋಡಿಗೆರೆಯನ್ನು ದಾಟಿ 445.12ರಲ್ಲಿದ್ದ ಸಣ್ಣ ಗೆರೆಯ ಮೇಲೆ ಬೆರಳಿಟ್ಟರು. "ಇದು ಯಾರದು?"

ಅದು ನನ್ನ ಮಾದರಿಯದಲ್ಲ, ಲ್ಯಾಬಿನ ಗಾಳಿಯಲ್ಲಿರುವ ಸಿಲಿಕೋನ್ ಸಂಯುಕ್ತದ್ದು, ಮಾದರಿಯಿಲ್ಲದೆ ಯಂತ್ರ ಓಡಿಸಿದರೂ ಕಾಣಿಸುತ್ತದೆ ಎಂದೆ. ತೊಲಗಿಸಲಾಗುವುದಿಲ್ಲ, ಅದರ ತೂಕ ಕರಾರುವಾಕ್ಕಾಗಿ ಗೊತ್ತಿರುವುದರಿಂದ ಅದಕ್ಕೆ ಹೊಂದಿಸಿಯೇ ಉಳಿದೆಲ್ಲ ತೂಕಗಳನ್ನು ತಿದ್ದಿಕೊಳ್ಳುತ್ತೇವೆ ಎಂದೂ ಹೇಳಿದೆ.

"ಅಂದರೆ ಕೊಳೆಯನ್ನೇ ತೂಕದ ಬಟ್ಟು ಮಾಡಿಕೊಂಡಿದ್ದೀರಿ" ಎಂದವರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲಿನಿಂದ ಇನ್ನೊಮ್ಮೆ ಓದತೊಡಗಿದರು.